ಪಿಎಲ್‌ಸಿಗೆ ಐಪಿ ಅಡ್ರೆಸ್ ಕೊಡುವುದು, ಅದು ಅಲ್ಲೇ ಉಳಿಯುವಂತೆ ಮಾಡುವುದು: ಬೂಟ್‌ಪಿ ಸರ್ವರ್ ಬಳಸುವ ಸಮಗ್ರ ಮಾರ್ಗದರ್ಶಿ

ಪುಣೆ ಹತ್ತಿರದ ಭೋಸರಿ, ಚಾಕಣ, ತಳೇಗಾಂವ್ ಕಡೆ ಮಷೀನ್ ಕಮಿಷನಿಂಗ್ ಕೆಲಸಕ್ಕೆ ನಮ್ಮ ಬೆಳಗಾವಿ, ನಿಪ್ಪಾಣಿ, ವಿಜಯಪುರ, ಕಲಬುರಗಿ ಭಾಗದಿಂದ ಹುಡುಗರು, ಹುಡುಗಿಯರು ಬರುತ್ತಲೇ ಇರುತ್ತಾರೆ. ಡಿಪ್ಲೊಮಾದಲ್ಲಿ ಲ್ಯಾಡರ್ (ಪಿಎಲ್‌ಸಿ ಪ್ರೋಗ್ರಾಂ ಬರೆಯುವ ಚಿತ್ರಭಾಷೆ) ಕಲಿತಿರುತ್ತಾರೆ. ಟೈಮರ್, ಕೌಂಟರ್ ಎಲ್ಲಾ ಚೆನ್ನಾಗಿ ಬರುತ್ತದೆ. ಆದರೆ ಹೊಸ ಪಿಎಲ್‌ಸಿಯನ್ನು, ಅಂದರೆ ಮಷೀನ್ ನಡೆಸುವ ಕಂಟ್ರೋಲರ್ ಅನ್ನು, ಡಬ್ಬದಿಂದ ತೆಗೆದು, ಪ್ಯಾನೆಲ್‌ನಲ್ಲಿ ಕೂರಿಸಿ, ಲ್ಯಾಪ್‌ಟಾಪ್‌ನಿಂದ ಎಥರ್ನೆಟ್ ಕೇಬಲ್ ಹಾಕಿದರೆ ಸಾಫ್ಟ್‌ವೇರ್‌ನಲ್ಲಿ ಏನೂ ಕಾಣುವುದಿಲ್ಲ. ಬಹಳ ಜನ ಅಲ್ಲಿಯೇ ನಿಂತುಬಿಡುತ್ತಾರೆ. ಈ ಬರಹ ಅವರಿಗಾಗಿ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಐಪಿ ಅಡ್ರೆಸ್ ಕೊಟ್ಟರೆ ಅರ್ಧ ಕೆಲಸ ಆಯಿತು ಅಷ್ಟೇ. ಆ ಅಡ್ರೆಸ್ ಪಿಎಲ್‌ಸಿಯೊಳಗೆ ಕಾಯಂ ಆಗಿ ಕೂತಿದೆಯೇ ಎಂದು ಪವರ್ ತೆಗೆದು, ಮತ್ತೆ ಹಾಕಿ ನೋಡಿದ ಮೇಲೆ ಉಳಿದರ್ಧ. ಈ ಉಳಿದರ್ಧವನ್ನು ಬಿಟ್ಟವರೇ ಜಾಸ್ತಿ.

ಬೂಟ್‌ಪಿ, ಡಿಎಚ್‌ಸಿಪಿ ಎಂದರೆ ಸಾಧನಗಳು ನೆಟ್‌ವರ್ಕ್‌ನಲ್ಲಿ ಕೇಳಿ ಐಪಿ ಪಡೆಯುವ ಎರಡು ಕ್ರಮಗಳು. ಮುಖ್ಯವಾಗಿ ರಾಕ್‌ವೆಲ್ ಕಂಪನಿಯ ಅಲೆನ್-ಬ್ರಾಡ್ಲಿ ಕಂಟ್ರೋಲರ್‌ಗಳಿಗೆ ಬಳಸುವ ಅದೇ ಕಂಪನಿಯ ಬೂಟ್‌ಪಿ-ಡಿಎಚ್‌ಸಿಪಿ ಟೂಲ್ ಬಗ್ಗೆ ಬರೆಯುತ್ತಿದ್ದೇನೆ. ಡ್ರೈವ್ (ಮೋಟರ್ ವೇಗ ನಿಯಂತ್ರಿಸುವ ಸಾಧನ) ಬಗ್ಗೆ, ವ್ಯಾಗೋ ಎಂಬ ಇನ್ನೊಂದು ಕಂಪನಿಯ ಕಂಟ್ರೋಲರ್ ಬಗ್ಗೆ ಕೊನೆಗೆ ಸ್ವಲ್ಪ ಇದೆ.

ಒಳಗೆ ನಡೆಯುವುದೇನು

ಬೂಟ್‌ಪಿ ಹಳೆಯ ಪ್ರೋಟೋಕಾಲ್. 1985ರ ಸೆಪ್ಟೆಂಬರ್‌ನಲ್ಲಿ ಆರ್‌ಎಫ್‌ಸಿ 951 ಎಂಬ ದಾಖಲೆಯಾಗಿ ಬಂತು. ಆಗ ಡಿಸ್ಕ್ ಇಲ್ಲದ ಕಂಪ್ಯೂಟರ್‌ಗಳಿದ್ದವು. ಅವು ಆನ್ ಆದ ಕೂಡಲೇ ತಮ್ಮ ಐಪಿ ಏನು, ಬೂಟ್ ಫೈಲ್ ಎಲ್ಲಿದೆ ಎಂದು ನೆಟ್‌ವರ್ಕ್‌ನಲ್ಲಿ ಕೇಳಿ ತಿಳಿಯಬೇಕಿತ್ತು. ಡಿಎಚ್‌ಸಿಪಿ ಇದರ ಮೇಲೆಯೇ ಕಟ್ಟಿದ್ದು, 1993ರಲ್ಲಿ ಬಂತು. ಪಿಎಲ್‌ಸಿಗೆ ಬೂಟ್ ಫೈಲ್ ಬೇಕಿಲ್ಲ. ಐಪಿ ಕೇಳುವ ಭಾಗ ಮಾತ್ರ ಅದಕ್ಕೆ ಬೇಕು.

ಹೊಸ ಕಂಟ್ರೋಲರ್‌ಗೆ ಫ್ಯಾಕ್ಟರಿಯಿಂದ ಬರುವಾಗ ಐಪಿ ಇರುವುದಿಲ್ಲ. ಇರುವುದು ಮ್ಯಾಕ್ ಅಡ್ರೆಸ್, ಅಂದರೆ ಫ್ಯಾಕ್ಟರಿಯಲ್ಲೇ ಕೊಟ್ಟ ಹಾರ್ಡ್‌ವೇರ್ ಗುರುತು, ಒಂದೇ. ಅದು 48 ಬಿಟ್‌ನದು, 12 ಹೆಕ್ಸ್ ಅಕ್ಷರಗಳಲ್ಲಿ ಬರೆದಿರುತ್ತಾರೆ. ಪವರ್ ಬಂದ ಕೂಡಲೇ ಕಂಟ್ರೋಲರ್ 0.0.0.0 ಎಂಬ ಅಡ್ರೆಸ್‌ನಿಂದ 255.255.255.255ಕ್ಕೆ, ಅಂದರೆ ಕೇಬಲ್ ಮೇಲಿರುವ ಎಲ್ಲರಿಗೂ, ಕೂಗಿ ಕೇಳುತ್ತದೆ: ನನ್ನ ಮ್ಯಾಕ್ ಇದು, ನನ್ನ ಐಪಿ ಯಾವುದು? ಉತ್ತರ ಸಿಗುವವರೆಗೂ ಮತ್ತೆ ಮತ್ತೆ ಕೇಳುತ್ತಲೇ ಇರುತ್ತದೆ. ಸರ್ವರ್ ಯುಡಿಪಿ ಪೋರ್ಟ್ 67ರಲ್ಲಿ ಕೇಳಿಸಿಕೊಳ್ಳುತ್ತದೆ. ಉತ್ತರ ಪೋರ್ಟ್ 68ಕ್ಕೆ ಹೋಗುತ್ತದೆ.

ಈ ಎರಡು ನಂಬರ್ ನೆನಪಿಟ್ಟುಕೊಳ್ಳಿ. ಮುಂದೆ ಬರುವ ಅರ್ಧ ತೊಂದರೆಗಳು ಪೋರ್ಟ್ 67ರ ಸುತ್ತಲೇ ಇವೆ.

ಪವರ್ ಹಾಕುವ ಮೊದಲು

ಮೊದಲು ಮ್ಯಾಕ್ ಸ್ಟಿಕ್ಕರ್‌ನ ಫೋಟೋ ತೆಗೆದುಕೊಳ್ಳಿ. ಅಲೆನ್-ಬ್ರಾಡ್ಲಿಯ ಕಂಟ್ರೋಲ್‌ಲಾಜಿಕ್ಸ್ ಸರಣಿಯ ಎಥರ್ನೆಟ್ ಮಾಡ್ಯೂಲ್‌ನಲ್ಲಿ ಈ ಸ್ಟಿಕ್ಕರ್ ಬದಿಯಲ್ಲಿರುತ್ತದೆ. ಚಾಸಿಸ್‌ಗೆ ತಳ್ಳಿದ ಮೇಲೆ ಕಾಣುವುದಿಲ್ಲ, ಮತ್ತೆ ಹೊರಗೆಳೆಯಬೇಕು. ಮೊಬೈಲ್‌ನಲ್ಲಿ ಒಂದು ಫೋಟೋ ಇದ್ದರೆ ಸಾಕು. ಬಿ ಮತ್ತು 8, ಡಿ ಮತ್ತು 0 ಸಣ್ಣ ಅಕ್ಷರದಲ್ಲಿ ಒಂದೇ ತರಹ ಕಾಣುತ್ತವೆ. ಫೋಟೋ ಆದರೆ ದೊಡ್ಡದು ಮಾಡಿ ಓದಬಹುದು.

ಎರಡನೆಯದು ಐಪಿ ಪಟ್ಟಿ. ಪ್ಯಾನೆಲ್‌ನಲ್ಲಿರುವ ಪ್ರತಿ ಸಾಧನಕ್ಕೂ ಒಂದೊಂದು ಅಡ್ರೆಸ್ ಮೊದಲೇ ಬರೆದಿಟ್ಟುಕೊಳ್ಳಿ. ಉದಾಹರಣೆಗೆ ಪಿಎಲ್‌ಸಿಗೆ 192.168.1.10, ಎಚ್‌ಎಂಐಗೆ (ಆಪರೇಟರ್ ಬಳಸುವ ಸ್ಕ್ರೀನ್) 192.168.1.20, ಡ್ರೈವ್‌ಗಳಿಗೆ 31ರಿಂದ ಮುಂದೆ, ನಿಮ್ಮ ಲ್ಯಾಪ್‌ಟಾಪ್‌ಗೆ 200. ಸಬ್‌ನೆಟ್ ಮಾಸ್ಕ್ (ಯಾವ ಅಡ್ರೆಸ್‌ಗಳು ಒಂದೇ ನೆಟ್‌ವರ್ಕ್‌ನವು ಎಂದು ಹೇಳುವ ಸಂಖ್ಯೆ) ಎಲ್ಲದಕ್ಕೂ 255.255.255.0.

ಇಲ್ಲಿ ಒಂದು ವಿಷಯ ಒತ್ತಿ ಹೇಳಬೇಕು. ಭೋಸರಿಯ ಮಷೀನ್ ತಯಾರಕರು ಬಹುತೇಕ ಎಲ್ಲರೂ 192.168.1 ಸರಣಿಯನ್ನೇ ಬಳಸುತ್ತಾರೆ. ಒಂದೊಂದು ಮಷೀನ್ ಬೇರೆ ಬೇರೆ ನಿಂತಿರುವವರೆಗೆ ತೊಂದರೆ ಇಲ್ಲ. ಗಿರಾಕಿ ಕಾರ್ಖಾನೆಯಲ್ಲಿ ಮೂರು ಮಷೀನ್‌ಗಳನ್ನು ಒಂದು ಲೈನ್ ಮಾಡಿ ಒಂದೇ ಸ್ವಿಚ್‌ಗೆ ಜೋಡಿಸಿದ ದಿನ ಮೂರೂ ಪಿಎಲ್‌ಸಿಗೆ ಒಂದೇ ಐಪಿ! ಆಮೇಲೆ ಅಡ್ರೆಸ್ ಬದಲಿಸಬೇಕೆಂದರೆ ಪಿಎಲ್‌ಸಿ ಪ್ರೋಗ್ರಾಂ, ಎಚ್‌ಎಂಐ ಪ್ರಾಜೆಕ್ಟ್, ಡ್ರೈವ್ ಎಲ್ಲವನ್ನೂ ಮುಟ್ಟಬೇಕು. ಅದಕ್ಕೇ ಆರ್ಡರ್ ಬಂದಾಗಲೇ ಗಿರಾಕಿಯ ಐಟಿ ವಿಭಾಗಕ್ಕೆ ಒಂದು ಮೇಲ್ ಹಾಕಿ ಅಡ್ರೆಸ್ ಕೇಳಿಕೊಳ್ಳಿ.

ಮೂರನೆಯದು ಜಾಗ. ಈ ಕೆಲಸ ಟೇಬಲ್ ಮೇಲೆ, ಲ್ಯಾಪ್‌ಟಾಪ್‌ಗೂ ಕಂಟ್ರೋಲರ್‌ಗೂ ನಡುವೆ ನೇರ ಕೇಬಲ್ ಹಾಕಿ ಮಾಡಿದರೆ ಒಳ್ಳೆಯದು. ಓಡುತ್ತಿರುವ ಲೈನ್‌ನ ನೆಟ್‌ವರ್ಕ್‌ಗೆ ಲ್ಯಾಪ್‌ಟಾಪ್ ಚುಚ್ಚಿ ಬೂಟ್‌ಪಿ ಸರ್ವರ್ ಹಚ್ಚಬೇಡಿ. ನೀವು ಪಟ್ಟಿಗೆ ಸೇರಿಸಿದ ಮ್ಯಾಕ್‌ಗೆ ಮಾತ್ರ ಟೂಲ್ ಉತ್ತರ ಕೊಡುತ್ತದೆ, ನಿಜ. ಆದರೆ ಅಲ್ಲಿ ಬೇರೆ ಸಾಧನಗಳೂ ಕೇಳುತ್ತಿರಬಹುದು. ತಪ್ಪು ಸಾಲಿನ ಮೇಲೆ ಡಬಲ್ ಕ್ಲಿಕ್ ಆದರೆ ಯಾವುದೋ ಡ್ರೈವ್‌ಗೆ ನಿಮ್ಮ ಪಿಎಲ್‌ಸಿಯ ಅಡ್ರೆಸ್ ಹೋಗುತ್ತದೆ. ಓಡುವ ಮಷೀನ್‌ನಲ್ಲಿ ಒಂದು ಅಡ್ರೆಸ್ ಬದಲಾದರೆ ಐ-ಓ (ಇನ್‌ಪುಟ್-ಔಟ್‌ಪುಟ್) ಕನೆಕ್ಷನ್ ಕಡಿದು ಮಷೀನ್ ನಿಲ್ಲಬಹುದು. ಅದರ ಹತ್ತಿರ ಕೈ ಹಾಕಿಕೊಂಡು ನಿಂತ ಆಪರೇಟರ್ ಇರುತ್ತಾರೆ ಎಂಬುದನ್ನು ಮರೆಯಬಾರದು.

ಲ್ಯಾಪ್‌ಟಾಪ್ ತಯಾರಿ

ವಿಂಡೋಸ್‌ನಲ್ಲಿ ನೆಟ್‌ವರ್ಕ್ ಕನೆಕ್ಷನ್ಸ್ ತೆರೆಯಿರಿ. ಮೊದಲು ವೈ-ಫೈ ಡಿಸೇಬಲ್ ಮಾಡಿ. ಎರಡು ನೆಟ್‌ವರ್ಕ್ ಕಾರ್ಡ್ ಎದ್ದಿದ್ದರೆ ಟೂಲ್ ತಪ್ಪು ಕಾರ್ಡ್ ಮೇಲೆ ಕಿವಿಯಿಟ್ಟು ಕೂರಬಹುದು. ಆಮೇಲೆ ಎಥರ್ನೆಟ್ ಕಾರ್ಡ್‌ನ ಪ್ರಾಪರ್ಟೀಸ್‌ನಲ್ಲಿ ಐಪಿ ವರ್ಷನ್ 4ಕ್ಕೆ ಹೋಗಿ, 192.168.1.200 ಮತ್ತು 255.255.255.0 ತುಂಬಿ. ಗೇಟ್‌ವೇ (ಬೇರೆ ನೆಟ್‌ವರ್ಕ್‌ಗೆ ಹೋಗುವ ದಾರಿಯ ಅಡ್ರೆಸ್) ಖಾಲಿ ಬಿಡಿ.

ನಿಮ್ಮ ಲ್ಯಾಪ್‌ಟಾಪ್‌ನ ಅಡ್ರೆಸ್ 169.254ರಿಂದ ಶುರುವಾಗಿದ್ದರೆ ಏನೂ ತುಂಬಿಲ್ಲ ಎಂದರ್ಥ. ಅದು ವಿಂಡೋಸ್ ತಾನೇ ಹಾಕಿಕೊಂಡದ್ದು.

ಮುಂದೆ ಫೈರ್‌ವಾಲ್. ನೇರ ಕೇಬಲ್ ಹಾಕಿದಾಗ ವಿಂಡೋಸ್ ಅದನ್ನು ಗುರುತಿಲ್ಲದ ನೆಟ್‌ವರ್ಕ್ ಎಂದು ಪಬ್ಲಿಕ್ ಗುಂಪಿಗೆ ಸೇರಿಸುತ್ತದೆ. ಟೂಲ್ ಮೊದಲ ಸಲ ತೆರೆದಾಗ ಬರುವ ಕಿಟಕಿಯಲ್ಲಿ ನಾವು ಸುಮ್ನೆ ಪ್ರೈವೇಟ್‌ಗೆ ಮಾತ್ರ ಟಿಕ್ ಹಾಕಿ ಮುಂದೆ ಹೋಗುತ್ತೇವೆ. ಆಗ ಪಿಎಲ್‌ಸಿ ಎಷ್ಟು ಕೂಗಿದರೂ ಟೂಲ್‌ಗೆ ಕೇಳಿಸುವುದಿಲ್ಲ. ಪಬ್ಲಿಕ್‌ಗೂ ಟಿಕ್ ಹಾಕಿ. ಫೈರ್‌ವಾಲ್ ಪೂರ್ತಿ ಆಫ್ ಮಾಡುವುದು ಸುಲಭ, ಆದರೆ ಸಂಜೆ ಅದನ್ನು ಆನ್ ಮಾಡಲು ಯಾರಿಗೂ ನೆನಪಿರುವುದಿಲ್ಲ. ಟೂಲ್ ಅನ್ನು ರೈಟ್ ಕ್ಲಿಕ್ ಮಾಡಿ ಅಡ್ಮಿನಿಸ್ಟ್ರೇಟರ್ ಆಗಿ ತೆರೆಯಿರಿ.

ಅಡ್ರೆಸ್ ಕೊಡುವ ಕ್ರಮ

ಟೂಲ್ ತೆರೆದ ಕೂಡಲೇ 'ಟೂಲ್ಸ್' ಮೆನುವಿನಲ್ಲಿ 'ನೆಟ್‌ವರ್ಕ್ ಸೆಟ್ಟಿಂಗ್ಸ್' ನೋಡಿ. ಅಲ್ಲಿ ಸಬ್‌ನೆಟ್ ಮಾಸ್ಕ್ ತುಂಬಿ. ಗೇಟ್‌ವೇ ಇದ್ದರೆ ಅದನ್ನೂ ತುಂಬಿ, ಇಲ್ಲದಿದ್ದರೆ ಬಿಡಿ. ಟೂಲ್‌ನ ಹೊಸ ಆವೃತ್ತಿಯಾದರೆ ಯಾವ ನೆಟ್‌ವರ್ಕ್ ಕಾರ್ಡ್ ಎಂದು ಮೊದಲೇ ಕೇಳುತ್ತದೆ. 192.168.1.200 ಇರುವ ಕಾರ್ಡ್ ಆರಿಸಿ.

ಈಗ ಕಂಟ್ರೋಲರ್‌ಗೆ ಪವರ್ ಹಾಕಿ. ಕೇಬಲ್‌ನ ಎರಡೂ ತುದಿಯಲ್ಲಿ ಲಿಂಕ್ ದೀಪ ಹತ್ತಬೇಕು. ಡಿಸ್‌ಪ್ಲೇ ಇರುವ ಕಂಟ್ರೋಲ್‌ಲಾಜಿಕ್ಸ್ ಮಾಡ್ಯೂಲ್ ಆದರೆ ಅದರ ಮೇಲೆ ಮ್ಯಾಕ್ ಅಡ್ರೆಸ್ ಓಡುತ್ತಿರುತ್ತದೆ. ಐಪಿಗಾಗಿ ಕಾಯುತ್ತಿದೆ ಎಂಬುದಕ್ಕೆ ಅದೇ ಗುರುತು.

ಸ್ವಲ್ಪ ಹೊತ್ತಿನಲ್ಲಿ ಟೂಲ್‌ನ ಮೇಲಿನ ಭಾಗದಲ್ಲಿ, 'ರಿಕ್ವೆಸ್ಟ್ ಹಿಸ್ಟರಿ' ಎಂಬಲ್ಲಿ, ಸಾಲುಗಳು ಬೀಳತೊಡಗುತ್ತವೆ. ಹೊಸ ಆವೃತ್ತಿಯಲ್ಲಿ ಇದಕ್ಕೆ 'ಡಿಸ್ಕವರಿ ಹಿಸ್ಟರಿ' ಎಂದು ಹೆಸರು. ಸಮಯ, ಬೂಟ್‌ಪಿಯೋ ಡಿಎಚ್‌ಸಿಪಿಯೋ ಎಂಬುದು, ಮ್ಯಾಕ್ ಅಡ್ರೆಸ್ ಕಾಣುತ್ತವೆ. ಐಪಿ ಕಾಲಂ ಖಾಲಿ ಇರುತ್ತದೆ. ಒಂದೇ ಮ್ಯಾಕ್ ಹತ್ತಾರು ಸಲ ಬಂದರೆ ಗಾಬರಿ ಬೇಡ, ಉತ್ತರ ಸಿಗದ್ದಕ್ಕೆ ಅದು ಮತ್ತೆ ಮತ್ತೆ ಕೇಳುತ್ತಿದೆ.

ಇಲ್ಲಿ ನಿಧಾನ ಮಾಡಿ. ಫೋಟೋದಲ್ಲಿರುವ ಮ್ಯಾಕ್ ಜೊತೆ ಸಾಲಿನ ಮ್ಯಾಕ್ ಹೋಲಿಸಿ. ಒಂದೇ ಕಂಪನಿಯ ಸಾಧನಗಳಿಗೆ ಮೊದಲ ಆರು ಅಕ್ಷರ ಒಂದೇ ಇರಬಹುದು. ಅಲೆನ್-ಬ್ರಾಡ್ಲಿಯ ಹಳೆಯ ಸಾಧನಗಳು ನಾಲ್ಕು ಸೊನ್ನೆ, ಆಮೇಲೆ ಬಿ, ಸಿ ಎಂದು ಶುರುವಾಗುತ್ತವೆ. ಆದ್ದರಿಂದ ಕೊನೆಯ ಆರು ಅಕ್ಷರ ಬಾಯಿಬಿಟ್ಟು ಓದಿ ತಾಳೆ ನೋಡಿ. ಪಕ್ಕದಲ್ಲಿ ಇನ್ನೊಬ್ಬರಿದ್ದರೆ ಒಬ್ಬರು ಓದಿ, ಒಬ್ಬರು ನೋಡಿ.

ತಾಳೆಯಾದ ಸಾಲಿನ ಮೇಲೆ ಡಬಲ್ ಕ್ಲಿಕ್ ಮಾಡಿ. ಬರುವ ಕಿಟಕಿಯಲ್ಲಿ ಮ್ಯಾಕ್ ತಾನಾಗಿಯೇ ತುಂಬಿರುತ್ತದೆ. ನೀವು 192.168.1.10 ತುಂಬಿ. ವಿವರಣೆಯ ಜಾಗವನ್ನು ಖಾಲಿ ಬಿಡಬೇಡಿ. 'ಪ್ರೆಸ್ 2 ಮೇನ್ ಪಿಎಲ್‌ಸಿ' ಎಂದು ಏನಾದರೂ ಬರೆಯಿರಿ. ಓಕೆ ಒತ್ತಿದ ಮೇಲೆ ಸಾಧನ ಕೆಳಗಿನ 'ರಿಲೇಶನ್ ಲಿಸ್ಟ್' ಸೇರುತ್ತದೆ. ಕಂಟ್ರೋಲರ್ ಮುಂದಿನ ಸಲ ಕೇಳಿದಾಗ ಉತ್ತರ ಹೋಗುತ್ತದೆ, ಮೇಲಿನ ಸಾಲಿನಲ್ಲಿ ಐಪಿ ಕಾಲಂ ತುಂಬುತ್ತದೆ, ಕೂಗು ನಿಲ್ಲುತ್ತದೆ.

ಕಮಾಂಡ್ ಪ್ರಾಂಪ್ಟ್‌ನಲ್ಲಿ ಆ ಐಪಿಗೆ ಪಿಂಗ್ (ಉತ್ತರ ಬರುತ್ತದೆಯೇ ಎಂದು ನೋಡುವ ಕಮಾಂಡ್) ಮಾಡಿ ನೋಡಿ. ಉತ್ತರ ಬಂದರೆ ಸರಿ. ಕಂಟ್ರೋಲರ್‌ನ ನೆಟ್ ದೀಪವೂ ಹೇಳುತ್ತದೆ. ಆರಿದ್ದರೆ ಐಪಿ ಇಲ್ಲ. ಹಸಿರು ಮಿನುಗಿದರೆ ಐಪಿ ಇದೆ, ಇನ್ನೂ ಯಾರೂ ಕನೆಕ್ಟ್ ಆಗಿಲ್ಲ. ಬಿಡದೆ ಕೆಂಪು ಹತ್ತಿದ್ದರೆ ಅದೇ ಐಪಿ ಬೇರೆ ಯಾರ ಬಳಿಯೋ ಇದೆ.

ಬೂಟ್‌ಪಿ ಆಫ್ ಮಾಡುವುದು

ಈ ಬರಹದಲ್ಲಿ ಒಂದೇ ಭಾಗ ಓದುವುದಾದರೆ ಇದನ್ನು ಓದಿ.

ಈಗ ಪಿಂಗ್ ಬರುತ್ತಿದೆ. ಪ್ರೋಗ್ರಾಂ ಡೌನ್‌ಲೋಡ್ ಆಗುತ್ತದೆ, ಎಚ್‌ಎಂಐ ಮಾತಾಡುತ್ತದೆ, ಮಷೀನ್ ಓಡುತ್ತದೆ. ಆದರೆ ಆ ಐಪಿ ಎರವಲು ತಂದದ್ದು. ಕಂಟ್ರೋಲರ್ ಇನ್ನೂ ಬೂಟ್‌ಪಿ ಮೋಡ್‌ನಲ್ಲೇ ಇದೆ. ಪವರ್ ಹೋಗಿ ಬಂದರೆ ಅದು ಮತ್ತೆ 0.0.0.0 ಆಗಿ ಎದ್ದು, ಮತ್ತೆ ಕೂಗಲು ಶುರು ಮಾಡುತ್ತದೆ. ಉತ್ತರ ಕೊಡಲು ನಿಮ್ಮ ಲ್ಯಾಪ್‌ಟಾಪ್ ಅಲ್ಲಿ ಇರುವುದಿಲ್ಲ.

ಪುಣೆಯಲ್ಲಿ ಇದು ಬಯಲಾಗುವ ದಿನ ಶುಕ್ರವಾರ. ಇಲ್ಲಿ ಲೈನ್ ದುರಸ್ತಿಗೆ ಗುರುವಾರ ಕರೆಂಟ್ ತೆಗೆಯುವುದು ರೂಢಿ. ಭೋಸರಿ ಭಾಗದ ಎಷ್ಟೋ ಕಾರ್ಖಾನೆಗಳಿಗೆ ವಾರದ ರಜೆಯೂ ಅವತ್ತೇ. ಬುಧವಾರ ಸಂಜೆ ಟ್ರಯಲ್ ಮುಗಿಸಿ ಕೈ ತೊಳೆದು ಹೋದವರಿಗೆ ಶುಕ್ರವಾರ ಬೆಳಗ್ಗೆ ಫೋನ್ ಬರುತ್ತದೆ. ನನಗೆ ಬರುವ ಫೋನ್‌ಗಳೂ ಹೀಗೇ ಇರುತ್ತವೆ: "ಸರ್, ಬುಧವಾರ ಎಲ್ಲಾ ಬರೋಬ್ಬರಿ ಇತ್ರೀ. ಇವತ್ತ ಪಿಎಲ್‌ಸಿ ಕಾಣವಲ್ದು. ಕೇಬಲ್ ಬದಲಿಸಿ ನೋಡಿದೆ, ಸ್ವಿಚ್ ಬದಲಿಸಿ ನೋಡಿದೆ." ನಾನು ಕೇಳುವುದು ಒಂದೇ ಪ್ರಶ್ನೆ, ಡಿಸೇಬಲ್ ಒತ್ತಿದ್ದಿರಾ? ಆ ಕಡೆ ಸ್ವಲ್ಪ ಹೊತ್ತು ಮಾತೇ ಇರುವುದಿಲ್ಲ.

ಆದ್ದರಿಂದ ರಿಲೇಶನ್ ಲಿಸ್ಟ್‌ನಲ್ಲಿ ನಿಮ್ಮ ಸಾಧನದ ಸಾಲನ್ನು ಆರಿಸಿ, 'ಡಿಸೇಬಲ್ ಬೂಟ್‌ಪಿ/ಡಿಎಚ್‌ಸಿಪಿ' ಬಟನ್ ಒತ್ತಿ. ಕೆಳಗಿನ ಸ್ಟೇಟಸ್ ಸಾಲಿನಲ್ಲಿ ಕಮಾಂಡ್ ಸಕ್ಸಸ್‌ಫುಲ್ ಎಂದು ಬರಬೇಕು. ಬರಲಿಲ್ಲವೆಂದರೆ ಮತ್ತೆ ಒತ್ತಿ. ಇದಾದ ಮೇಲೆ ಕಂಟ್ರೋಲರ್ ಆ ಐಪಿಯನ್ನು ಪವರ್ ಹೋದರೂ ಅಳಿಯದ ಮೆಮೊರಿಯಲ್ಲಿ ಇಟ್ಟುಕೊಳ್ಳುತ್ತದೆ.

ಐಪಿ ಸಿಕ್ಕಿತು, ಆದರೆ ಡಿಸೇಬಲ್ ಮಾತ್ರ ಪದೇ ಪದೇ ಫೇಲ್ ಆಗುತ್ತಿದೆ ಎಂದು ಹಲವರು ಕೇಳುತ್ತಾರೆ. ಕಾರಣ ಸರಳ. ಐಪಿ ಕೊಡುವ ಉತ್ತರ ಬ್ರಾಡ್‌ಕಾಸ್ಟ್ ಆಗಿ ಹೋಗಬಲ್ಲದು, ಅದಕ್ಕೆ ನಿಮ್ಮ ಲ್ಯಾಪ್‌ಟಾಪ್ ಯಾವ ಸಬ್‌ನೆಟ್‌ನಲ್ಲಿದ್ದರೂ ನಡೆದೀತು. ಆದರೆ ಡಿಸೇಬಲ್ ಎನ್ನುವುದು ಆ ಐಪಿಗೇ ನೇರವಾಗಿ ಹೋಗುವ ಎಥರ್ನೆಟ್-ಐಪಿ ಸಂದೇಶ, ಟಿಸಿಪಿ ಪೋರ್ಟ್ 44818ಕ್ಕೆ. ಲ್ಯಾಪ್‌ಟಾಪ್ ಬೇರೆ ಸಬ್‌ನೆಟ್‌ನಲ್ಲಿದ್ದರೆ ಅದು ತಲುಪುವುದೇ ಇಲ್ಲ. ಮೊದಲು ಪಿಂಗ್ ಬರುವಂತೆ ಮಾಡಿ, ಆಮೇಲೆ ಬಟನ್ ಒತ್ತಿ.

ಮೈಕ್ರೋಲಾಜಿಕ್ಸ್ ಮತ್ತು ಎಸ್‌ಎಲ್‌ಸಿ 5/05 ತರಹದ ಹಳೆಯ ಕಂಟ್ರೋಲರ್‌ಗಳಲ್ಲಿ ಈ ಬಟನ್ ನೆಚ್ಚಿಕೊಳ್ಳಬೇಡಿ. ಅವುಗಳ ಪ್ರೋಗ್ರಾಂ ಬರೆಯುವ ಸಾಫ್ಟ್‌ವೇರ್ ಆರ್‌ಎಸ್‌ಲಾಜಿಕ್ಸ್ 500ರಲ್ಲಿ ಚಾನೆಲ್ ಕಾನ್ಫಿಗರೇಶನ್ ತೆರೆದು, ಚಾನೆಲ್ 1ರಲ್ಲಿ ಬೂಟ್‌ಪಿ ಎದುರಿನ ಟಿಕ್ ತೆಗೆದು, ಐಪಿ ಮತ್ತು ಮಾಸ್ಕ್ ಕೈಯಾರೆ ತುಂಬಿ. ಆಫ್‌ಲೈನ್ ಫೈಲ್‌ನಲ್ಲೂ ಅದೇ ಇರಲಿ.

ಈಗ ಪರೀಕ್ಷೆ. ಟೂಲ್ ಮುಚ್ಚಿ. ಇದು ಮುಖ್ಯ, ಟೂಲ್ ತೆರೆದೇ ಇದ್ದರೆ ಅದು ಮತ್ತೆ ಐಪಿ ಕೊಟ್ಟುಬಿಡುತ್ತದೆ, ನೀವು ಪಾಸಾದೆವು ಅಂದುಕೊಳ್ಳುತ್ತೀರಿ. ಟೂಲ್ ಮುಚ್ಚಿದ ಮೇಲೆ ಪ್ಯಾನೆಲ್‌ನ ಎಂಸಿಬಿ (ಬ್ರೇಕರ್ ಸ್ವಿಚ್) ಇಳಿಸಿ. ಎಸ್‌ಎಂಪಿಎಸ್ (ಪವರ್ ಸಪ್ಲೈ) ದೀಪ ಪೂರ್ತಿ ಆರಲಿ. ಮತ್ತೆ ಏರಿಸಿ, ಕಂಟ್ರೋಲರ್ ಎದ್ದ ಮೇಲೆ ಪಿಂಗ್ ಮಾಡಿ. ಉತ್ತರ ಬಂದರೆ ಅಡ್ರೆಸ್ ಕೂತಿತು.

ಸಾಲೇ ಬೀಳದಿದ್ದರೆ

ರಿಕ್ವೆಸ್ಟ್ ಹಿಸ್ಟರಿ ಖಾಲಿಯಾಗಿಯೇ ಉಳಿದರೆ ಮೊದಲು ಕಂಟ್ರೋಲರ್ ನಿಜಕ್ಕೂ ಕೇಳುತ್ತಿದೆಯೇ ಎಂದು ನೋಡಿ. ಹಳೆಯ ಸ್ಟಾಕ್‌ನಿಂದ ತಂದದ್ದು, ಬೇರೆ ಮಷೀನ್‌ನಿಂದ ಬಿಚ್ಚಿದ್ದು ಆದರೆ ಅದರಲ್ಲಿ ಮೊದಲೇ ಐಪಿ ಕೂತಿರುತ್ತದೆ. ಐಪಿ ಇದ್ದವರು ಯಾಕೆ ಕೇಳುತ್ತಾರೆ, ಅಲ್ವಾ? ಆರ್‌ಎಸ್‌ಲಿಂಕ್ಸ್ ಎಂಬ ರಾಕ್‌ವೆಲ್‌ನ ಸಂಪರ್ಕ ಸಾಫ್ಟ್‌ವೇರ್‌ನಿಂದ ಯುಎಸ್‌ಬಿ ಕೇಬಲ್‌ನಲ್ಲಿ ಒಳಗೆ ಹೋಗಿ ನೋಡಬಹುದು. ಕಾಂಪ್ಯಾಕ್ಟ್‌ಲಾಜಿಕ್ಸ್ 5370, 5380 ಸರಣಿಗಳಲ್ಲಿ ಯುಎಸ್‌ಬಿ ಪೋರ್ಟ್ ಇದೆ. ನಿಜ ಹೇಳಬೇಕೆಂದರೆ ಯುಎಸ್‌ಬಿ ಇರುವ ಕಂಟ್ರೋಲರ್‌ಗೆ ಬೂಟ್‌ಪಿ ಟೂಲ್‌ನ ಅಗತ್ಯವೇ ಕಡಿಮೆ. ಅಲ್ಲಿಂದಲೇ ಐಪಿ ಬರೆದು ಸ್ಟ್ಯಾಟಿಕ್ ಮಾಡಬಹುದು.

ಕಂಟ್ರೋಲ್‌ಲಾಜಿಕ್ಸ್‌ನ ಹಲವು ಎಥರ್ನೆಟ್ ಮಾಡ್ಯೂಲ್‌ಗಳಲ್ಲಿ ಮೂರು ಸಣ್ಣ ತಿರುಗುವ ಸ್ವಿಚ್‌ಗಳಿರುತ್ತವೆ. ಅವು 001ರಿಂದ 254ರ ನಡುವೆ ಇದ್ದರೆ ಐಪಿ 192.168.1 ಮತ್ತು ಆ ನಂಬರ್. ಆಗಲೂ ಅದು ಯಾರನ್ನೂ ಕೇಳುವುದಿಲ್ಲ. ಹಳೆಯದೆಲ್ಲ ಅಳಿಸಬೇಕೆಂದರೆ ಪವರ್ ತೆಗೆದು ಸ್ವಿಚ್‌ಗಳನ್ನು 888ಕ್ಕೆ ಇಟ್ಟು ಪವರ್ ಹಾಕಿ. ಫ್ಯಾಕ್ಟರಿ ಸ್ಥಿತಿಗೆ ಬರುತ್ತದೆ. ಮತ್ತೆ ಪವರ್ ತೆಗೆದು 999ಕ್ಕೆ ತಿರುಗಿಸಿ ಹಾಕಿದರೆ ಡಬ್ಬದಿಂದ ಬಂದಾಗ ಇದ್ದಂತೆ ಕೂಗಲು ಶುರು ಮಾಡುತ್ತದೆ.

ಕಂಟ್ರೋಲರ್ ಸರಿ ಇದ್ದರೆ ದೋಷ ಲ್ಯಾಪ್‌ಟಾಪ್‌ನಲ್ಲಿದೆ. ಫೈರ್‌ವಾಲ್ ಬಗ್ಗೆ ಆಗಲೇ ಹೇಳಿದೆ. ಇನ್ನೊಂದು ಕಾರಣ, ಪೋರ್ಟ್ 67 ಬೇರೆಯವರ ಕೈಯಲ್ಲಿರುವುದು. ಮೊಬೈಲ್ ಹಾಟ್‌ಸ್ಪಾಟ್ ಅಥವಾ ಇಂಟರ್ನೆಟ್ ಕನೆಕ್ಷನ್ ಶೇರಿಂಗ್ ಆನ್ ಇದ್ದರೆ ವಿಂಡೋಸ್ ತಾನೇ ಡಿಎಚ್‌ಸಿಪಿ ಸರ್ವರ್ ಆಗುತ್ತದೆ. ವರ್ಚುವಲ್ ಮಷೀನ್ ಸಾಫ್ಟ್‌ವೇರ್‌ಗಳ ಡಿಎಚ್‌ಸಿಪಿ ಸರ್ವಿಸ್ ಕೂಡ ಹಾಗೇ. 'netstat -ano' ಕಮಾಂಡ್ ಕೊಟ್ಟು ಯುಡಿಪಿ ಸಾಲುಗಳಲ್ಲಿ 67 ಹುಡುಕಿ, ಅದರ ಎದುರಿನ ಪ್ರೋಸೆಸ್ ನಂಬರ್ ಅನ್ನು ಟಾಸ್ಕ್ ಮ್ಯಾನೇಜರ್‌ನಲ್ಲಿ ನೋಡಿದರೆ ಯಾರು ಹಿಡಿದಿದ್ದಾರೆಂದು ತಿಳಿಯುತ್ತದೆ. ಟೂಲ್ ಅನ್ನೇ ವರ್ಚುವಲ್ ಮಷೀನ್ ಒಳಗೆ ಓಡಿಸುವುದಾದರೆ ನೆಟ್‌ವರ್ಕ್ ಕಾರ್ಡ್ ಬ್ರಿಡ್ಜ್ ಮೋಡ್‌ನಲ್ಲಿರಲಿ.

ನಡುವೆ ರೂಟರ್ ಇದ್ದರೆ ಬ್ರಾಡ್‌ಕಾಸ್ಟ್ ದಾಟುವುದಿಲ್ಲ. ಆಫೀಸ್ ನೆಟ್‌ವರ್ಕ್‌ಗೆ ಹೋಗಿದ್ದರೆ ಅಲ್ಲಿನ ಡಿಎಚ್‌ಸಿಪಿ ಸರ್ವರ್ ನಿಮಗಿಂತ ಮೊದಲು ಉತ್ತರ ಕೊಡಬಹುದು. ಎರಡಕ್ಕೂ ಮದ್ದು ಒಂದೇ, ನೇರ ಕೇಬಲ್.

ಡ್ರೈವ್ ಮತ್ತು ವ್ಯಾಗೋ

ಪವರ್‌ಫ್ಲೆಕ್ಸ್ 525 ಡ್ರೈವ್ ಕೂಡ ಬೂಟ್‌ಪಿ ಮೋಡ್‌ನಲ್ಲೇ ಬರುತ್ತದೆ. ಆದರೆ ಕೀಪ್ಯಾಡ್ ಮುಂದಿರುವಾಗ ಲ್ಯಾಪ್‌ಟಾಪ್ ಯಾಕೆ? ಪ್ಯಾರಾಮೀಟರ್ ಸಿ128 ಅನ್ನು 2ರಿಂದ 1ಕ್ಕೆ ಬದಲಿಸಿ, ಸಿ129ರಿಂದ ಸಿ132ರವರೆಗೆ ಐಪಿಯ ನಾಲ್ಕು ಭಾಗ, ಸಿ133ರಿಂದ ಸಿ136ರವರೆಗೆ ಮಾಸ್ಕ್ ತುಂಬಿ. ಪವರ್ ತೆಗೆದು ಹಾಕಿ. ಹತ್ತಾರು ಡ್ರೈವ್ ಇರುವ ಪ್ಯಾನೆಲ್‌ನಲ್ಲೂ ನನಗೆ ಇದೇ ದಾರಿ ಇಷ್ಟ. ಯಾವ ಮ್ಯಾಕ್ ಯಾವ ಡ್ರೈವ್‌ನದು ಎಂಬ ಗೊಂದಲವೇ ಇಲ್ಲ.

ವ್ಯಾಗೋದ 750-841 ತರಹದ ಕಂಟ್ರೋಲರ್‌ಗೆ ಅವರದೇ ಬೂಟ್‌ಪಿ ಸರ್ವರ್ ಇದೆ. ಅಲ್ಲಿ ಡಬಲ್ ಕ್ಲಿಕ್ ಇಲ್ಲ. ಬೂಟ್‌ಪಿಟ್ಯಾಬ್ ಎಂಬ ಟೆಕ್ಸ್ಟ್ ಫೈಲ್‌ನಲ್ಲಿ ಹೆಸರು, ಹಾರ್ಡ್‌ವೇರ್ ಟೈಪ್ 1, ಮ್ಯಾಕ್, ಐಪಿ ಇವನ್ನು ಕೋಲನ್‌ಗಳ ನಡುವೆ ಒಂದು ಸಾಲಿನಲ್ಲಿ ಬರೆದು, ಸೇವ್ ಮಾಡಿ, ಸರ್ವರ್ ಸ್ಟಾರ್ಟ್ ಮಾಡಬೇಕು. ಮ್ಯಾಕ್ ಅನ್ನು ನಡುವೆ ಚಿಹ್ನೆ ಇಲ್ಲದೆ 12 ಅಕ್ಷರ ಒಟ್ಟಿಗೆ ಬರೆಯಿರಿ. ಐಪಿ ಸಿಕ್ಕ ಮೇಲೆ ಬ್ರೌಸರ್‌ನಲ್ಲಿ ಕಂಟ್ರೋಲರ್‌ನ ಪುಟ ತೆರೆದು, ಪೋರ್ಟ್ ವಿಭಾಗದಲ್ಲಿ ಬೂಟ್‌ಪಿ ತೆಗೆದು, ಐಪಿಯನ್ನು ಇಇಪ್ರಾಮ್‌ನಿಂದ (ಪವರ್ ಹೋದರೂ ಅಳಿಯದ ಮೆಮೊರಿ) ಬಳಸು ಎಂಬುದನ್ನು ಆರಿಸಿ. ಅಲ್ಲೂ ಎರವಲಿನ ಕಥೆ ಇದೇ.

ಬಿಟ್ಟು ಬರುವ ಮೊದಲು

ರಿಲೇಶನ್ ಲಿಸ್ಟ್ ಅನ್ನು ಫೈಲ್ ಮೆನುವಿನಿಂದ ಸೇವ್ ಮಾಡಿ, ಪ್ರೋಗ್ರಾಂ ಬ್ಯಾಕಪ್ ಇರುವ ಫೋಲ್ಡರ್‌ನಲ್ಲೇ ಇಡಿ. ಪ್ಯಾನೆಲ್ ಬಾಗಿಲ ಒಳಬದಿಗೆ ಸಾಧನದ ಹೆಸರು, ಐಪಿ, ಮ್ಯಾಕ್ ಮೂರನ್ನೂ ಬರೆದ ಹಾಳೆ ಅಂಟಿಸಿ. ರಾತ್ರಿ ಪಾಳಿಯ ಮೆಂಟೆನೆನ್ಸ್‌ನವರಿಗೆ ಆ ಹಾಳೆಯೇ ದಿಕ್ಕು.

ಕಂಟ್ರೋಲರ್ ಸುಟ್ಟು ಹೊಸದು ಹಾಕಿದರೆ ಮ್ಯಾಕ್ ಬದಲಾಗುತ್ತದೆ, ಹಳೆಯ ಪಟ್ಟಿ ಕೆಲಸಕ್ಕೆ ಬರುವುದಿಲ್ಲ. ಹೊಸ ಮ್ಯಾಕ್‌ಗೆ ಹಳೆಯ ಐಪಿ ಕೊಟ್ಟು, ಹಾಳೆಯಲ್ಲೂ ತಿದ್ದಬೇಕು. ಈ ತಲೆನೋವು ಬೇಡವೆಂದರೆ ಸ್ಟ್ರಾಟಿಕ್ಸ್ 5700 ತರಹದ ಮ್ಯಾನೇಜ್ಡ್ ಸ್ವಿಚ್‌ನಲ್ಲಿ ಡಿಎಚ್‌ಸಿಪಿ ಪರ್ಸಿಸ್ಟೆನ್ಸ್ ಇದೆ. ಸ್ವಿಚ್‌ನ ಒಂದೊಂದು ಪೋರ್ಟ್‌ಗೆ ಒಂದೊಂದು ಐಪಿ ಕಟ್ಟಿಡಬಹುದು. ಆ ಪೋರ್ಟ್‌ಗೆ ಯಾವ ಸಾಧನ ಚುಚ್ಚಿದರೂ ಅದೇ ಐಪಿ ಸಿಗುತ್ತದೆ. ಅಲ್ಲಿ ಮಾತ್ರ ಸಾಧನವನ್ನು ಡಿಎಚ್‌ಸಿಪಿ ಮೋಡ್‌ನಲ್ಲೇ ಬಿಡಬೇಕು, ಡಿಸೇಬಲ್ ಒತ್ತಬಾರದು. ಕೇಬಲ್‌ಗಳಿಗೆ ನಂಬರ್ ಹಚ್ಚುವುದನ್ನೂ ಮರೆಯಬೇಡಿ. ಸ್ವಿಚ್‌ನಲ್ಲಿ ಎರಡು ಕೇಬಲ್ ಅದಲುಬದಲಾದರೆ ಎರಡು ಸಾಧನಗಳ ಐಪಿಯೂ ಅದಲುಬದಲಾಗುತ್ತದೆ.